ಮೇಜಿನ ಮೇಲೆ ಮಲಗಿದ ಮೃಗ

ಚೀಟಿ ಎತ್ತಿದಾಗ ದೀಪಸ್ತಂಭಗಳು ಬಂದಿದ್ದರೆ ನಾವು ಅಕ್ಕತಂಗಿಯರು ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ ಕೈ ಕೊಡವಿಕೊಳ್ಳುತ್ತಿದ್ದೆವು. ಹಳದಿ ಬಟ್ಟೆ, ನೇರ ಕತ್ತರಿ, ನೇರ ಹೊಲಿಗೆ. ಬಿಳಿ ಕುದುರೆ ಬಂದಿದ್ದರೂ ಹೇಗೋ ಸುಧಾರಿಸಬಹುದಿತ್ತು. ಆದರೆ ಅಕ್ಕನ ಕೈಗುಣ ಚಿಕ್ಕಂದಿನಿಂದಲೂ ಹಾಗೆಯೇ. ನೂರು ಗುಂಡಿಗಳ ಡಬ್ಬಿಗೆ ಕೈ ಹಾಕಿದರೆ ಒಡೆದ ಗುಂಡಿಯೇ ಬರುತ್ತದೆ. ಚೀಟಿ ಬಿಡಿಸಿ ಓದಿದಳು, ಮತ್ತೆ ಮಡಚಿದಳು, ನನ್ನ ಕೈಗೆ ತುರುಕಿದಳು.

"ಏನ್ ಬಂತು ಅಕ್ಕಾ?"

"ಸಮುದ್ರದಿಂದ ಎದ್ದು ಬರೋದು."

ಬೈಬಲ್ಲಿನ ಕೊನೆಯ ಪುಸ್ತಕ ಓದಿದವರಿಗೆ ಇಷ್ಟು ಸಾಕು. ಓದದವರಿಗೆ ಹೇಳುತ್ತೇನೆ: ಏಳು ತಲೆ, ಹತ್ತು ಕೊಂಬು, ಕೊಂಬಿಗೊಂದು ಕಿರೀಟ. ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ. ಸಾಲದ್ದಕ್ಕೆ, ಏಳು ತಲೆಗಳಲ್ಲಿ ಒಂದಕ್ಕೆ ಸಾಯುವಂಥ ಗಾಯವಾಗಿ ಮಾಯ್ದಿರುವ ಗುರುತು.

ಇದೆಲ್ಲ ನಮ್ಮ ಪಾದ್ರಿಗಳ ಉಪಾಯ. ಆ ದರ್ಶನಗಳ ಅರ್ಥದ ಬಗ್ಗೆ ಬೈಬಲ್ ತರಗತಿಯಲ್ಲಿ ಜಗಳ ಹೆಚ್ಚಾಗಿ, ಒಂದು ಶನಿವಾರ ಯಾರೋ ಕುರ್ಚಿ ಬೇರೆ ಎತ್ತಿದ್ದರು. ಬರೀ ಮಾತಾದ್ದರಿಂದ ತಾನೇ ಜಗಳ, ಒಂದೊಂದು ದರ್ಶನವನ್ನೂ ಬಟ್ಟೆಯಲ್ಲಿ ಹೊಲಿಸಿ ಗೋಡೆಗೆ ತೂಗುಹಾಕಿದರೆ ಎಲ್ಲರೂ ಒಂದನ್ನೇ ನೋಡುತ್ತಾರೆ, ಒಂದನ್ನೇ ನೋಡಿದವರು ಒಂದೇ ಮಾತಾಡುತ್ತಾರೆ ಎಂದು ಅವರು ನಂಬಿದ್ದರು. ಪಾದ್ರಿಗಳು ಒಳ್ಳೆಯವರು. ಮದುವೆಯಾಗಿಲ್ಲ.

ಕುರ್ಚಿ ಎತ್ತಿದ್ದು ಯಾರು ಎಂದರೆ, ನಮ್ಮ ಭಾವ, ಅಂದರೆ ಅಕ್ಕನ ಗಂಡ. ಯಾರ ಮೇಲೆ ಎಂದರೆ, ನಮ್ಮನೆಯವರ ಮೇಲೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಷಡ್ಡಕರ ಜಗಳಕ್ಕೆ ಯಾರೂ ಗಡುವು ಹೇಳಿಲ್ಲ.

ಭಾವ ಗಡಿಯಾರ ರಿಪೇರಿ ಮಾಡುವವರು. ಅವರ ಪಾಲಿಗೆ ಎಲ್ಲವೂ ಇನ್ನು ಮುಂದೆ ಆಗಬೇಕಾದದ್ದು. ದರ್ಶನದ ಏಳು ತಲೆಗಳೂ ಏಳು ರಾಜ್ಯಗಳು, ಗಾಯವಾದದ್ದು ಐದನೆಯದು, ಅದು ಬಿದ್ದಿದೆ, ಆದರೆ ಮತ್ತೆ ಎದ್ದು ಬರಲಿದೆ, ದಿನ ಹತ್ತಿರವಾಯಿತು ಎನ್ನುತ್ತಾರೆ. ನಮ್ಮನೆಯವರು ಕಚೇರಿಯೊಂದರ ಹಳೆ ದಾಖಲೆಗಳ ಕೋಣೆಯಲ್ಲಿ ಗುಮಾಸ್ತರು. ಅವರಿಗೆ ಎಲ್ಲವೂ ಆಗಿ, ಸೀಲು ಬಿದ್ದು, ಕಟ್ಟಿ ಇಟ್ಟದ್ದು. ಏಳು ತಲೆ ಎಂದರೆ ಆ ಕಾಲದ ಏಳು ಅರಸರು, ಗಾಯವಾದದ್ದು ಮೂರನೆಯವನಿಗೆ, ಅವನು ಸತ್ತು ಮಣ್ಣಾಗಿ ಮಣ್ಣೂ ಹಳೆಯದಾಗಿದೆ ಎನ್ನುತ್ತಾರೆ.

"ಮುಂದೆ ಏನೂ ಇಲ್ಲ ಅಂದ್ರೆ ಪುಸ್ತಕ ಯಾಕ್ರೀ ಓದ್ಬೇಕು?" ಎಂದು ಭಾವ.

"ಹಿಂದಿನದು ಗೊತ್ತಿಲ್ಲದವರಿಗೆ ಮುಂದಿನದು ಏನ್ರೀ ಗೊತ್ತಾಗುತ್ತೆ?" ಎಂದು ಇವರು.

ಒಬ್ಬರು ಹಿಡಿದ ಮೊಲಕ್ಕೆ ಮೂರೇ ಕಾಲು, ಇನ್ನೊಬ್ಬರು ಹಿಡಿದದ್ದಕ್ಕೆ ಐದು. ನಾಲ್ಕು ಕಾಲಿನ ಮೊಲ ನಮ್ಮ ಎರಡೂ ಮನೆಗಳಲ್ಲಿ ಇರಲೇ ಇಲ್ಲ.

ಚೀಟಿ ಎತ್ತಿದ ಮರುದಿನ ಭಾವ ಅಪ್ಪಣೆ ಹೊರಡಿಸಿದರು. ಅವರ ಕಡೆಯ ಜನ ಇನ್ನು ಮುಂದೆ ಅವರ ಮನೆಯ ಮುಂದಿನ ಕೋಣೆಯಲ್ಲಿ ಸೇರುವುದು. ಅಕ್ಕನೂ ನನ್ನ ಜೊತೆ ಅಂಗಡಿ ನಡೆಸುವುದು ಬೇಡ, ಹೊಲಿಗೆ ಮಿಷನ್ನು ಮನೆಗೆ ಬರಲಿ. ಮೃಗ ಹೊಲಿದು ಮುಗಿಯುವ ತನಕ ಮಾತ್ರ ಪಾದ್ರಿಗಳ ಮುಖ ನೋಡಿ ಸುಮ್ಮನಿರುತ್ತಾರೆ. ಶನಿವಾರ ಬೆಳಗ್ಗೆ ಬಡಗಿ ಬರುತ್ತಾನೆ, ಮೇಜನ್ನು ನಡುವೆ ಕುಯ್ದು ಅರ್ಧ ಅವರಿಗೆ, ಅರ್ಧ ನಮಗೆ.

ಆ ಮೇಜಿನ ಬಗ್ಗೆ ಹೇಳಬೇಕು. ಅದು ನಮ್ಮ ಅಮ್ಮನದು. ಅಂಗಡಿ ಎಂದರೆ ಒಂದೇ ಕೋಣೆ, ಬೀದಿಗೆ ಒಂದು ಬಾಗಿಲು, ಒಂದು ಕಿಟಕಿ. ಅಮ್ಮ ಹಲಗೆಗಳನ್ನು ಒಳಗೆ ತರಿಸಿ, ಒಳಗೇ ಜೋಡಿಸಿದ್ದಳು. ಬಾಗಿಲಿಗಿಂತ ಮೇಜು ದೊಡ್ಡದು ಎಂದು ಯಾರೋ ಹೇಳಿದ್ದಕ್ಕೆ, "ಹೊರಗೆ ಹೋಗೋ ಮೇಜು ನನಗ್ಯಾಕೆ?" ಎಂದಿದ್ದಳಂತೆ. ಒಂದು ಪಕ್ಕ ಅಕ್ಕ, ಎದುರು ಪಕ್ಕ ನಾನು. ಇಪ್ಪತ್ತೆರಡು ವರ್ಷ. ಅವಳ ಕತ್ತರಿ ಎಲ್ಲಿಗೆ ಬರುತ್ತದೆ ಎಂದು ನೋಡದೆಯೇ ನನ್ನ ಬೆರಳು ಸರಿಯುತ್ತದೆ. ನನ್ನ ಗಂಡನ ಮುಖವನ್ನು ಅಷ್ಟು ಹೊತ್ತು ಎದುರುಬದುರು ನಾನು ನೋಡಿಲ್ಲ. ಅಕ್ಕನ ಮುಖ ನೋಡಿದ್ದೇನೆ. ಅವಳ ಕೂದಲು ಮೊದಲು ಎಲ್ಲಿ ಬೆಳ್ಳಗಾಯಿತು ಎಂದು ಭಾವನಿಗೆ ಗೊತ್ತಿಲ್ಲ, ನನಗೆ ಗೊತ್ತು.

ಶನಿವಾರದ ಮಾತನ್ನು ನಾವಿಬ್ಬರೂ ಆಡಲಿಲ್ಲ. ಆಡಿದರೆ ಅದು ನಿಜವಾಗುತ್ತದೆ ಎಂಬ ಭಯ. ಅದರ ಬದಲು ಕೊಂಬುಗಳ ಬಗ್ಗೆ ಮಾತಾಡಿದೆವು.

"ಹತ್ತು ಕೊಂಬು, ಏಳು ತಲೆ. ಹೇಗೆ ಹಂಚೋದು ಹೇಳು," ಎಂದಳು ಅಕ್ಕ.

"ಮೂರು ತಲೆಗೆ ಎರಡೆರಡು, ಉಳಿದ ನಾಲ್ಕಕ್ಕೆ ಒಂದೊಂದು."

"ಯಾವ ಮೂರಕ್ಕೆ?"

"ಯಾವ ತಲೆ ಅಗಲ ಇದ್ಯೋ ಅದಕ್ಕೆ."

"ಅವರನ್ನ ಕೇಳ್ಬೇಕಾ?"

"ಕೇಳಿದ್ರೆ ಹದಿನೇಳು ಕೊಂಬು ಆಗುತ್ತೆ, ಸುಮ್ನಿರು."

ಚಿರತೆಯ ಮೈಗೆ ಯಾರದೋ ಹಳೆಯ ಪರದೆ ಸಿಕ್ಕಿತು. ಆರು ತಲೆಗಳಿಗೆ ಕಂದು ಬಟ್ಟೆ ಸಾಕಾಯಿತು, ಏಳನೆಯದಕ್ಕೆ ಸಾಲದೆ ಕೋಟಿನ ಅಸ್ತರು ಹಾಕಿದೆವು; ಅದೊಂದು ತಲೆ ಮಾತ್ರ ನುಣ್ಣಗೆ ಮಿಂಚುತ್ತಿತ್ತು, ಈಗ ತಾನೇ ಕ್ಷೌರದಂಗಡಿಯಿಂದ ಬಂದ ಹಾಗೆ. ಸಿಂಹದ ಬಾಯಿ ಹೊಲಿಯುವಾಗ ಅಕ್ಕ ತಟ್ಟನೆ ಸೂಜಿ ನಿಲ್ಲಿಸಿದಳು.

"ನಿನಗೇನನ್ಸುತ್ತೆ? ಇದು ಮುಂದೆ ಬರೋದಾ, ಹಿಂದೆ ಆಗಿದ್ದಾ?"

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಿಕೊಂಡಿರಲಿಲ್ಲ. ಮನೆಯಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು, ಒಗೆದು ಮಡಚಿಟ್ಟ ಬಟ್ಟೆಯಂತೆ, ನಾನು ಹಾಕಿಕೊಳ್ಳುತ್ತಿದ್ದೆ.

"ನನಗೆ ಆ ಪ್ರವಾದಿ ನಮ್ಮ ಗಿರಾಕಿ ಥರ ಕಾಣ್ತಾನೆ ಅಕ್ಕಾ," ಎಂದೆ.

"ಥೂ, ಏನ್ ಮಾತಾಡ್ತೀಯೇ!"

"ಅಲ್ಲ, ಕೇಳು. ಎಲ್ಲೋ ಒಂದು ಬಟ್ಟೆ ನೋಡ್ಕೊಂಡು ಬರ್ತಾರಲ್ಲ? ಕತ್ತು ಅದರ ಥರ, ತೋಳು ಇದರ ಥರ, ಅದೂ ಅಲ್ಲ, ಇದೂ ಅಲ್ಲ, ಆದ್ರೆ ಎರಡೂ ಇತ್ತು ಅಂತ ಕೈ ಆಡಿಸ್ತಾರೆ. ಇವನೂ ಹಾಗೇ. ಚಿರತೆ ಥರ, ಕರಡಿ ಥರ, ಸಿಂಹದ ಥರ. ಪಾಪ, ಏನೋ ಕಂಡಿದ್ದಾನೆ, ಹೇಳೋಕೆ ಬರ್ತಿಲ್ಲ. ನಾವು ಕೇಳಿಸ್ಕೊಂಡು ನಮಗೆ ಬರೋ ಬಟ್ಟೆ ಹೊಲೀತೀವಿ."

ಅಕ್ಕ ಸೂಜಿಗೆ ಹೊಸ ದಾರ ಪೋಣಿಸಿದಳು. "ಹಾಗಾದ್ರೆ ಅವನು ಬಂದು ಇದನ್ನ ಹಾಕ್ಕೊಂಡು ನೋಡಿದ್ರೆ?"

"ಕಂಕುಳಲ್ಲಿ ಬಿಗಿ ಅಂತಾನೆ."

ಆ ವಾರದಲ್ಲಿ ನಾವು ನಕ್ಕದ್ದು ಆಗಲೇ. ಮೃಗದ ಮೇಲೆ ಬಿದ್ದು ನಕ್ಕೆವು. ಆಮೇಲೆ ಇಬ್ಬರಿಗೂ ಶನಿವಾರ ನೆನಪಾಯಿತು.

ಉಳಿದದ್ದು ಗಾಯ. ಅದರ ಬಗ್ಗೆ ಮಾತ್ರ ನಾವು ನಗಲಿಲ್ಲ, ಮಾತೂ ಆಡಲಿಲ್ಲ. ಬೆಳಗ್ಗೆ ಹೊರಡುವಾಗ ಇವರು ಬಾಗಿಲ ತನಕ ಬಂದು ಹೇಳಿದ್ದರು: "ನೆನಪಿರ್ಲಿ. ಮೂರನೇದು. ನೀನು ನನ್ನ ಹೆಂಡತಿ, ನೀನೇ ತಪ್ಪು ಹೊಲಿದ್ರೆ ನಾನು ಸಭೆಯಲ್ಲಿ ಮುಖ ತೋರಿಸೋದು ಹೇಗೆ?" ಅಕ್ಕನ ಮನೆಯಲ್ಲೂ ಇದೇ ಮಾತು ಆಗಿರಬೇಕು, ಸಂಖ್ಯೆ ಮಾತ್ರ ಬೇರೆ ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಗಾಯ ಐದನೆಯದಕ್ಕೆ ಬಿದ್ದರೆ ಇವರು ತರಗತಿಯನ್ನು ಬಿಡುತ್ತಾರೆ. ಮೂರನೆಯದಕ್ಕೆ ಬಿದ್ದರೆ ಭಾವ ಮತ್ತೆಂದೂ ತಿರುಗಿ ಬರುವುದಿಲ್ಲ, ಅಕ್ಕನನ್ನೂ ಬರಗೊಡುವುದಿಲ್ಲ.

ಬುಧವಾರ ಅಕ್ಕ ಬೇಗ ಹೊರಟಳು. ನಾನು ಸೀಮೆಸುಣ್ಣ ಹಿಡಿದು ನನ್ನ ಪಕ್ಕದಲ್ಲಿ ನಿಂತೆ. ಎಡದಿಂದ ಒಂದು, ಎರಡು, ಮೂರು. ಮೂರನೆಯ ತಲೆಯ ಹಣೆಯ ಮೇಲೆ ಒಂದು ಗೆರೆ ಎಳೆದೆ. ಅಷ್ಟೇ. ಕತ್ತರಿ ಹಾಕುವ ಧೈರ್ಯ ಬರಲಿಲ್ಲ. ಗೆರೆಯಾದರೆ ಒರೆಸಬಹುದು. ಅಕ್ಕನಿಗೆ ಸಿಟ್ಟು ಬಂದರೆ ಒರೆಸಲಿ ಎಂದು ದೀಪ ಆರಿಸಿ ಬಂದುಬಿಟ್ಟೆ.

ಗುರುವಾರ ನಾನು ಹೋಗುವಷ್ಟರಲ್ಲಿ ಅಕ್ಕ ಬಂದು ಕೂತಿದ್ದಳು. ನಾನು ಮೃಗದ ಮೇಲೆ ಬಗ್ಗಿ ನೋಡಿದೆ. ನನ್ನ ಗೆರೆಯ ಮೇಲೆಯೇ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ, ಬಟ್ಟೆ ಸೀಳಿ, ಕೆಂಪು ದಾರದಲ್ಲಿ ರಫೂ ಹಾಕಿತ್ತು. ಅಕ್ಕನದೇ ಹೊಲಿಗೆ. ಅಷ್ಟು ಸಣ್ಣ ಹೊಲಿಗೆ ಈ ಊರಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ.

ಮೂರನೆಯ ತಲೆ. ನನ್ನ ಗಂಡನ ತಲೆ. ಅಂದರೆ, ನನ್ನ ಗಂಡ ಹೇಳಿದ ತಲೆ.

ನನಗಾಗಿ ಅವಳು ಭಾವನ ಮಾತು ಮುರಿದಿದ್ದಳು. ಮನೆಗೆ ಹೋಗಿ ಏನು ಕೇಳಿಸಿಕೊಳ್ಳಬೇಕೋ ಗೊತ್ತಿದ್ದೂ ಮುರಿದಿದ್ದಳು. "ಅಕ್ಕಾ..." ಎಂದೆ.

ಅವಳ ಕಣ್ಣೂ ಕೆಂಪಾಗಿತ್ತು. "ಏನೂ ಹೇಳ್ಬೇಡ ಕಣೇ. ನನಗೆ ಗೊತ್ತಾಯ್ತು. ನೀನು ಚಿಕ್ಕವಳಾದ್ರೂ ಮನಸ್ಸು ದೊಡ್ಡದು."

ನನ್ನ ಮನಸ್ಸು ಇಲ್ಲಿ ಯಾಕೆ ಬಂತು ಎಂದು ನಾನು ಆಗಲೇ ಕೇಳಬೇಕಿತ್ತು. ಆದರೆ ಹೊಗಳಿಕೆಯನ್ನು ತಡೆದು ಲೆಕ್ಕ ಕೇಳುವ ಹೆಂಗಸನ್ನು ನಾನಿನ್ನೂ ಕಂಡಿಲ್ಲ.

ಆ ಎರಡು ದಿನ ನಾವು ಹೊಸದಾಗಿ ಮದುವೆಯಾದವರ ಹಾಗೆ ನಡೆದುಕೊಂಡೆವು. ಅವಳು ತನ್ನ ಒಳ್ಳೆಯ ಕತ್ತರಿಯನ್ನು ನನಗೆ ಕೊಟ್ಟಳು. ಅದನ್ನು ಮುಟ್ಟಿದರೆ ಹಿಂದೆಲ್ಲ ಕೈಮೇಲೆ ಹೊಡೆಯುತ್ತಿದ್ದಳು. ನಾನು ಕಿಟಕಿಯ ಬೆಳಕಿನ ಸ್ಟೂಲನ್ನು ಅವಳಿಗೆ ಬಿಟ್ಟೆ. ಚಹಾ ಬಂದರೆ "ನೀನು ಮೊದಲು", "ಇಲ್ಲ, ನೀನು" ಎಂದು ಹೇಳುತ್ತ ಎರಡೂ ಲೋಟ ಆರಿಹೋದವು. ಗೋಡೆಗೆ ತೂಗುಹಾಕಲು ಬೇಕಾದ ಕುಣಿಕೆಗಳನ್ನು ನಾನೊಬ್ಬಳೇ ಕೂತು ಮೇಲಿನ ಅಂಚಿಗೆ ಹೊಲಿದೆ, ಒಟ್ಟು ಹತ್ತು. ಅವಳ ಸೊಂಟಕ್ಕೆ ಆರಾಮ ಇರಲಿ ಎಂದು.

ಶನಿವಾರ ಬಂದೇ ಬಂತು.

ಬಡಗಿ ಹತ್ತು ಗಂಟೆಗೆ ಗರಗಸ ಕಂಕುಳಲ್ಲಿಟ್ಟುಕೊಂಡು ಬಂದ. ವಯಸ್ಸಾದವನು, ಮಾತು ಕಡಿಮೆ, ಕಿವಿಯ ಮೇಲೆ ಪೆನ್ಸಿಲು. ಹಿಂದೆಯೇ ಭಾವ. ಅವರ ಹಿಂದೆ, ಕಚೇರಿಗೆ ರಜೆ ಹಾಕಿ, ಅಳತೆಪಟ್ಟಿ ಹಿಡಿದು ನಮ್ಮನೆಯವರು.

"ಅರ್ಧ ಅಂದ್ರೆ ಸರಿಯಾಗಿ ಅರ್ಧಾನೇ ಆಗ್ಬೇಕು," ಎಂದರು ಇವರು ಬಡಗಿಗೆ.

"ಗರಗಸದ ಹಲ್ಲಿಗೆ ಸ್ವಲ್ಪ ಹೋಗುತ್ತೆ ಸ್ವಾಮಿ," ಎಂದ ಬಡಗಿ.

"ಆ ಸ್ವಲ್ಪ ಅವರ ಕಡೆಯಿಂದ ಹೋಗ್ಲಿ," ಎಂದರು ಭಾವ.

ಬಡಗಿ ಯಾರ ಮುಖವನ್ನೂ ನೋಡದೆ ಬಟ್ಟೆಯ ಅಂಚು ಎತ್ತಿ ಮೇಜಿನ ನಟ್ಟನಡುವೆ ಪೆನ್ಸಿಲಿನ ಗೆರೆ ಎಳೆದ. ನನಗೆ ಆ ಗೆರೆ ನನ್ನ ಬೆನ್ನ ಮೇಲೆ ಎಳೆದಂತಾಯಿತು. ಎದುರಿಗೆ ಅಕ್ಕ ತುಟಿ ಕಚ್ಚಿಕೊಂಡು ನಿಂತಿದ್ದಳು.

"ಮೊದಲು ಇದನ್ನ ನೋಡೋಣ," ಎಂದು ಭಾವ ಅಕ್ಕನ ಪಕ್ಕಕ್ಕೆ ಹೋಗಿ ನಿಂತರು. ಇವರು ನನ್ನ ಪಕ್ಕಕ್ಕೆ ಬಂದರು. ನನಗೆ ಅಕ್ಕನದೇ ಚಿಂತೆ. ಈಗ ಭಾವ ಎಣಿಸುತ್ತಾರೆ, ಗಾಯ ಮೂರನೆಯದಕ್ಕಿದೆ ಎಂದು ತಿಳಿಯುತ್ತದೆ, ಆಮೇಲೆ ದೇವರೇ ಗತಿ.

ಇವರು ಬೆರಳು ಮುಂದೆ ಮಾಡಿ ಎಣಿಸಿದರು. "ಒಂದು, ಎರಡು, ಮೂರು. ಹಾಂ!"

ಭಾವನೂ ಬೆರಳು ಮುಂದೆ ಮಾಡಿದರು. "ಒಂದು, ಎರಡು, ಮೂರು, ನಾಲ್ಕು, ಐದು. ಹೂಂ!"

ಎರಡು ಬೆರಳುಗಳೂ ಒಂದೇ ತಲೆಯ ಮೇಲೆ ನಿಂತಿದ್ದವು.

ನಾನು ಅಕ್ಕನನ್ನು ನೋಡಿದೆ. ಅಕ್ಕ ನನ್ನನ್ನು ನೋಡಿದಳು. ಇಪ್ಪತ್ತೆರಡು ವರ್ಷ ಎದುರುಬದುರು ನಿಂತವರಿಗೆ ಇದು ಹೊಳೆಯದೇ ಹೋಯಿತಲ್ಲ! ನನ್ನ ಎಡ ಅವಳ ಬಲ. ಅವಳು ಗುರುವಾರ ಬೆಳಗ್ಗೆ ಬಂದಾಗ ತನ್ನ ಐದನೆಯ ತಲೆಯ ಮೇಲೆ ನನ್ನ ಸೀಮೆಸುಣ್ಣದ ಗೆರೆ ಕಂಡು, ತಂಗಿ ತನಗಾಗಿ ಸೋತಳು ಎಂದುಕೊಂಡು ಕಣ್ಣೀರು ಹಾಕಿ ಹೊಲಿದಿದ್ದಳು. ನಾನು ಅವಳ ಹೊಲಿಗೆ ಕಂಡು ಅವಳೇ ಸೋತಳು ಎಂದುಕೊಂಡೆ. ಇಬ್ಬರೂ ಸೋತಿರಲಿಲ್ಲ. ಇಬ್ಬರೂ ಗಂಡ ಹೇಳಿದ್ದನ್ನೇ ಮಾಡಿದ್ದೆವು. ಆ ಒಳ್ಳೆಯ ಕತ್ತರಿ, ಆ ಸ್ಟೂಲು, ಆರಿಹೋದ ಆ ಚಹಾ!

ಅಕ್ಕನ ಮುಖ ಮೊದಲು ಬೆಪ್ಪಾಯಿತು, ಆಮೇಲೆ ಕೆಂಪಾಯಿತು. ನಗು ತಡೆಯಲು ಅವಳು ಗುಂಡುಸೂಜಿ ಬಾಯಲ್ಲಿಟ್ಟುಕೊಂಡಳು. ಅದು ಅವಳ ಹಳೆಯ ಅಭ್ಯಾಸ.

ಗಂಡಸರಿಗೆ ಇದಾವುದೂ ಗೊತ್ತಿಲ್ಲ. ಗೆದ್ದವರಷ್ಟು ಉದಾರಿಗಳು ಲೋಕದಲ್ಲಿ ಯಾರೂ ಇಲ್ಲ; ಇಲ್ಲಿ ಇಬ್ಬರೂ ಗೆದ್ದಿದ್ದರು.

"ಪರವಾಗಿಲ್ಲ ರೀ," ಎಂದು ಭಾವ ಮೇಜಿನಾಚೆಯಿಂದ ಕೈ ಚಾಚಿದರು, "ತಪ್ಪು ಯಾರಿಗಿಲ್ಲ? ನೀವು ಮನಸ್ಸಿಗೆ ಹಚ್ಕೋಬೇಡಿ."

"ಛೆ, ಛೆ, ನಾನ್ಯಾಕೆ ಹಚ್ಕೊಳ್ಲಿ? ನೀವು ಒಪ್ಕೊಂಡಿದ್ದೇ ದೊಡ್ಡದು," ಎಂದು ಇವರು ಕೈ ಕುಲುಕಿದರು.

ಒಪ್ಪಿಕೊಂಡದ್ದು ಏನನ್ನು ಎಂದು ಇಬ್ಬರೂ ಕೇಳಲಿಲ್ಲ. ಮೇಜಿನ ತುದಿಯಲ್ಲಿ ನಿಂತಿದ್ದ ಬಡಗಿ ಮಾತ್ರ ತಲೆ ಓರೆ ಮಾಡಿ ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ಎಣಿಸಿದ. "ಅಲ್ಲಾ ಸ್ವಾಮಿ, ಇಲ್ಲಿಂದ ನೋಡಿದ್ರೆ..."

"ನೀನು ನಿನ್ನ ಅಳತೆ ನೋಡ್ಕೋ ಮಾರಾಯ," ಎಂದಳು ಅಕ್ಕ, ಬಾಯಲ್ಲಿ ಸೂಜಿ ಇಟ್ಟುಕೊಂಡೇ.

ಮೇಜು ಕುಯ್ಯುವ ಮಾತು ತಾನಾಗಿ ಹಿಂದೆ ಸರಿಯಿತು. ಸೋತ ಷಡ್ಡಕನ ಮುಂದೆ ಮೇಜು ಕುಯ್ಯುವುದು ಶೋಭೆಯಲ್ಲ ಎಂದು ಭಾವನಿಗೆ ಅನಿಸಿರಬೇಕು. ಬಡಗಿ ಗರಗಸ ಗೋಡೆಗೆ ಒರಗಿಸಿ ಬೀಡಿ ಹುಡುಕತೊಡಗಿದ. ನಾನು ಉಸಿರು ಬಿಡುವಷ್ಟರಲ್ಲಿ ಪಾದ್ರಿಗಳು ಒಳಗೆ ಬಂದರು.

"ಮುಗೀತಾ ಅಮ್ಮಾ? ಮೊಳೆ, ಹಗ್ಗ ಎಲ್ಲ ತಂದಿದ್ದೀನಿ. ಇವತ್ತೇ ಗೋಡೆಗೆ ಹಾಕಿಬಿಡೋಣ."

ಗೋಡೆ!

ಮೇಜಿಗೆ ಎರಡು ಪಕ್ಕ. ಗೋಡೆಗೆ ಒಂದೇ. ಮೃಗದ ಕಾಲು ನನ್ನ ಕಡೆಗಿತ್ತು. ಅಕ್ಕ ಇಷ್ಟು ದಿನವೂ ಅದನ್ನು ತಲೆಕೆಳಗಾಗಿಯೇ ಹೊಲಿದಿದ್ದಳು, ನನ್ನ ಎದುರು ನಿಂತು ಎಲ್ಲವನ್ನೂ ಹೊಲಿದ ಹಾಗೆ. ಗೋಡೆಗೆ ಏರಿದರೆ ಅದು ನನ್ನ ಕಡೆಯಿಂದ ಕಂಡಂತೆ ನಿಲ್ಲುತ್ತದೆ. ಇಡೀ ಸಭೆ ಎಡದಿಂದ ಎಣಿಸುತ್ತದೆ. ಮೂರನೆಯ ತಲೆ. ನನ್ನ ಗಂಡ ಗೆಲ್ಲುತ್ತಾರೆ, ನಿಜವಾಗಿಯೂ ಗೆಲ್ಲುತ್ತಾರೆ, ಎಲ್ಲರ ಮುಂದೆ. ಇಷ್ಟು ವರ್ಷ ದೂಳು ಕುಡಿಯುತ್ತ ಹಳೆ ಕಡತ ಕಟ್ಟಿದ ಮನುಷ್ಯನಿಗೆ ಅದೊಂದು ಗೆಲುವು ಸಿಗಲಿ ಎಂದು ನನಗೂ ಆಸೆಯಿರಲಿಲ್ಲವೇ? ಇತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅಕ್ಕನಿಗೂ ಅದು ಅದೇ ಕ್ಷಣದಲ್ಲಿ ಹೊಳೆಯಿತೆಂದು ಕಾಣುತ್ತದೆ. ಬಾಯಿಂದ ಗುಂಡುಸೂಜಿ ತೆಗೆದು ಮೇಜಿನ ಮೇಲಿಟ್ಟಳು. ಬಡಗಿಯ ಗೆರೆಯ ಮೇಲೆ.

"ಗೋಡೆಗೆ ಹಾಕೋಕಾಗಲ್ಲ," ಎಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು.

"ತಲೆಗಳ ಒಳಗೆ ಹತ್ತಿ ತುಂಬಿದ್ದೀವಿ. ಭಾರ. ತೂಗುಹಾಕಿದ್ರೆ ಒಂದು ವಾರದಲ್ಲಿ ಕತ್ತಿನ ಹೊಲಿಗೆ ಬಿಟ್ಟು ಏಳೂ ತಲೆ ಹೊಟ್ಟೆ ಮೇಲೆ ಜೋತುಬೀಳುತ್ತೆ. ಇದನ್ನ ಮಲಗಿಸಿಯೇ ಇಡ್ಬೇಕು."

"ಹಾಗಾದ್ರೆ ಇವೇನಮ್ಮಾ?" ಪಾದ್ರಿಗಳು ಮೇಲಿನ ಅಂಚನ್ನು ಎತ್ತಿ ಹಿಡಿದರು. ನಾನೇ ಹೊಲಿದ ಕುಣಿಕೆಗಳು ಸಾಲಾಗಿ ನನ್ನನ್ನೇ ನೋಡುತ್ತಿದ್ದವು.

ಅಷ್ಟರಲ್ಲಿ ಭಾವ ಬಗ್ಗಿ ಎಣಿಸಿಬಿಟ್ಟರು. "ಹತ್ತು! ಸರಿಯಾಗಿ ಹತ್ತು! ಹತ್ತು ಕೊಂಬು, ಹತ್ತು ಕಿರೀಟ, ಹತ್ತು ಬಂಧನ! ಮುಂದೆ ಬರೋ ಹತ್ತು ರಾಜರನ್ನ ಕಟ್ಟಿಹಾಕೋದು. ಎಂಥಾ ಯೋಚನೆ ಮಾಡಿದ್ದೀಯಮ್ಮಾ!"

"ಬಂಧನ ಬಿಚ್ಚಿದೆ ನೋಡಿ," ಎಂದರು ಇವರು ತಕ್ಷಣ, "ಬಿಚ್ಚಿದ್ದು ಅಂದ್ರೆ ಆಗಿಹೋಗಿದ್ದು."

"ಬಿಚ್ಚಿಲ್ಲ ರೀ, ಇನ್ನೂ ಕಟ್ಟಿಲ್ಲ!"

ಇಬ್ಬರೂ ಬಾಗಿಲ ಕಡೆಗೆ ಸರಿದು, ಕುಣಿಕೆಗಳ ಬಗ್ಗೆ ಬಹಳ ಸಂತೋಷದಿಂದ ಜಗಳ ಶುರು ಮಾಡಿದರು.

ಪಾದ್ರಿಗಳು ಸುಮ್ಮನೆ ಮೇಜಿನ ಸುತ್ತ ಒಂದು ಸುತ್ತು ಬಂದರು. ನನ್ನ ಪಕ್ಕದಲ್ಲಿ ನಿಂತು ತುಟಿ ಅಲ್ಲಾಡಿಸಿದರು. ಅಕ್ಕನ ಪಕ್ಕಕ್ಕೆ ಹೋಗಿ ಮತ್ತೆ ತುಟಿ ಅಲ್ಲಾಡಿಸಿದರು. ಗಾಯದ ಮೇಲೆ ಬೆರಳಿಟ್ಟು, ನನ್ನನ್ನೂ ಅವಳನ್ನೂ ನೋಡಿದರು. ಮದುವೆಯಾಗದಿದ್ದರೂ ಅವರು ದಡ್ಡರಲ್ಲ.

"ಹೌದು," ಎಂದರು ಕೊನೆಗೆ. "ಇದು ಮಲಗಿಸಿಯೇ ನೋಡ್ಬೇಕಾದ ಮೃಗ. ಇದನ್ನ ಓದೋ ಶನಿವಾರಗಳಲ್ಲಿ ತರಗತಿ ಇಲ್ಲೇ ಸೇರ್ಲಿ, ಈ ಮೇಜಿನ ಸುತ್ತ. ಯಾರ್ಯಾರು ಯಾವ ಪಕ್ಕ ಕೂತ್ಕೋಬೇಕು ಅಂತ ನಾನೇ ಹೇಳ್ತೀನಿ. ಜಾಗ ಬದಲಾಯಿಸೋ ಹಾಗಿಲ್ಲ." ಆಮೇಲೆ ಬಡಗಿಯ ಕಡೆ ತಿರುಗಿ, "ಮೇಜು ಗಟ್ಟಿ ಇದ್ಯೇನಪ್ಪಾ? ಒಂದಿಪ್ಪತ್ತು ಜನ ಮೊಣಕೈ ಊರ್ತಾರೆ," ಎಂದರು.

"ಕುಯ್ಯದೇ ಬಿಟ್ರೆ ನೂರು ವರ್ಷ," ಎಂದ ಬಡಗಿ.

ಎಲ್ಲರೂ ಹೋದ ಮೇಲೆ ಕೋಣೆ ಹಗುರಾಯಿತು. ನಾನು ಒದ್ದೆ ಬಟ್ಟೆ ತಂದು ಪೆನ್ಸಿಲಿನ ಗೆರೆಯನ್ನು ಉಜ್ಜತೊಡಗಿದೆ.

"ಬಿಡೇ," ಎಂದಳು ಅಕ್ಕ. "ಬಟ್ಟೆ ಮಡಚುವಾಗ ನಡುವೆ ಎಲ್ಲಿ ಅಂತ ಗೊತ್ತಾಗುತ್ತೆ, ಇರ್ಲಿ."

ಅವಳು ಕಿಟಕಿಯ ಬೆಳಕಿನ ಸ್ಟೂಲಿನ ಮೇಲೆ ಕೂತಿದ್ದಳು, ನಾನು ಬಿಟ್ಟುಕೊಟ್ಟದ್ದರ ಮೇಲೆ.

"ಗೋಡೆಗೆ ಹಾಕಿದ್ರೆ ನಿನ್ನ ಗಂಡ ಗೆಲ್ತಿದ್ರು."

"ಹೂಂ."

"ಹತ್ತಿ ತುಂಬಿದ್ದೀವಿ ಅಂದ್ಯಲ್ಲ, ತಲೆ ಒಳಗೆ ನಾವು ಏನು ತುಂಬಿದ್ವಿ?"

"ಏನೂ ತುಂಬಿಲ್ಲ."

"ಅದೇ ಅಂದ್ಕೊಂಡೆ." ಅವಳು ಎದ್ದು ತನ್ನ ಪಕ್ಕಕ್ಕೆ ಹೋದಳು. ಒಳ್ಳೆಯ ಕತ್ತರಿ ನನ್ನ ಕೈಯ ಹತ್ತಿರವೇ ಬಿದ್ದಿತ್ತು. ಗುರುವಾರ ತಪ್ಪು ಕಾರಣಕ್ಕೆ ಕೊಟ್ಟದ್ದು. ಕೇಳಿದ್ದರೆ ನಾನು ವಾಪಸು ಕೊಡುತ್ತಿದ್ದೆ. ಅವಳು ಅದನ್ನು ಒಮ್ಮೆ ನೋಡಿದಳು, ಆಮೇಲೆ ಡಬ್ಬಿಯಿಂದ ಹಳೆಯ, ಮೊಂಡು ಕತ್ತರಿಯನ್ನು ಎತ್ತಿಕೊಂಡಳು.

"ಬಾ, ಮೊದಲ ತಲೆಗೆ ಹತ್ತಿ ತುಂಬೋಣ," ಎಂದಳು. "ಮುಂದಿನ ಶನಿವಾರದೊಳಗೆ ಭಾರ ಆಗ್ಬೇಕು."

"ಯಾವುದು ಮೊದಲನೇದು?" ಎಂದು ನಾನು ಕೇಳಿದೆ.

"ನೀನು ನಿನ್ನ ಕಡೆಯಿಂದ ಶುರು ಮಾಡು, ನಾನು ನನ್ನ ಕಡೆಯಿಂದ," ಎಂದಳು ಅಕ್ಕ. "ನಡುವಿನ ತಲೆ ಹತ್ರ ಸಿಗೋಣ."